ಸಿಡಿಲಿನ ಸುದ್ದಿ ಮೊದಲು ಮುಟ್ಟುವುದು ನಮ್ಮತ್ತೆಗೆ

ಬ್ಯಾಡಗಿಯ ನಮ್ಮ ಸೋದರತ್ತೆಗೆ ಹೇಳದೆ ಸಿಡಿಲು ಹೊರಡುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ! ನಾನೂ ನಕ್ಕವನೇ. ಆದರೆ ಚೈತ್ರದ ಮಧ್ಯಾಹ್ನ ಅವಳೆದುರು ಊಟಕ್ಕೆ ಕುಳಿತು ನೋಡಿ. ರೊಟ್ಟಿ ಮುರಿಯುವ ಕೈ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣು ಗೋಡೆಯಲ್ಲಿ ನಾಟುತ್ತದೆ. ಮುಂಗೈ ಕೂದಲು ಒಂದೊಂದಾಗಿ ಎದ್ದು ನಿಲ್ಲುತ್ತದೆ.

“ಹೊಂಟೈತಿ,” ಎನ್ನುತ್ತಾಳೆ.

ಯಾರು ಎಂದು ಕೇಳುವ ಧೈರ್ಯ ಯಾರಿಗಿದೆ?

ಹೊರಗೆ ರಣಬಿಸಿಲು. ಆದರೂ ಬೇವಿನ ಮರದ ಕಾಗೆಗಳು ಬಾಯಿ ಮುಚ್ಚಿರುತ್ತವೆ. ಬರಬರುತ್ತ ಬಿಸಿಲಿಗೆ ಹಿತ್ತಾಳೆಯ ಬಣ್ಣ ಬರುತ್ತದೆ, ಕಣದಲ್ಲಿ ಹರವಿದ ಮೆಣಸಿನಕಾಯಿ ಕಪ್ಪಗೆ ಕಾಣುತ್ತದೆ, ಗಾಳಿ ಉಸಿರು ಹಿಡಿಯುತ್ತದೆ.

ಬರುವುದು ಖರೆ, ಎಲ್ಲಿಗೆ ಎಂಬಲ್ಲೇ ಅತ್ತೆ ಎಡವುವುದು. ಒಮ್ಮೆ ಅವಳ ಮಾತು ನಂಬಿ ಓಣಿಯವರೆಲ್ಲ ಬೆವರು ಸುರಿಸಿ ಕಾಯಿ ರಾಶಿ ಮಾಡಿ ತಾಡಪಾಲು ಹೊದಿಸಿದರು. ಮೋಡ ನೆತ್ತಿಯ ಮೇಲೆ ಬಂದು ನಿಂತು ನಮ್ಮನ್ನೇ ದಿಟ್ಟಿಸಿತು. ಆಮೇಲೆ ಹೊರಳಿ ಹಾವೇರಿಗೆ ಹೋಗಿ ಸುರಿಯಿತು! ಮಾವ ಕಿಸಕ್ಕನೆ ನಕ್ಕರು.

“ಮ್ವಾಡ ಏನ್ ಬಸ್ ಐತೇನ್ರಿ, ಬೋರ್ಡ್ ಹಾಕ್ಕೊಂಡು ಬರಾಕ?” ಎಂದಳು ಅತ್ತೆ.

ಹೋದ ಬೇಸಗೆಯಲ್ಲಿ ನಾನು ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಬೈಕಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಬೆಳಕು ಹಳದಿಯಾಯಿತು. ಮೇಯುತ್ತಿದ್ದ ಎಮ್ಮೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕಲ್ಲಾಗಿ ನಿಂತಿದ್ದವು. ಹೆದರಿ ಹುಣಸೆಮರದ ಕೆಳಗೆ ಬೈಕು ನಿಲ್ಲಿಸಿದೆ. ಫೋನು ಬಡಿದುಕೊಂಡಿತು. ಅತ್ತೆ!

“ತಮ್ಮಾ, ಗಿಡದ ಬುಡಕ ನಿಂತೀಯೇನು?”

ತಲೆಯೆತ್ತಿ ಕೊಂಬೆಗಳನ್ನು ನೋಡಿದೆ. “ನಿನಗ ಹೆಂಗ ಗೊತ್ತಾತು?”

“ಲಗೂ ಯಾರ ಮನಿಯಾಗರ ಹೋಗು!” ಎಂದು ಫೋನಿಟ್ಟಳು.

ರಸ್ತೆ ಬದಿಯ ಗುರುತಿಲ್ಲದವರ ಮನೆಗೆ ನುಗ್ಗಿದೆ. ಅವರು ಪಾಪ ಚಹಾ ಕೊಟ್ಟರು. ಆಕಾಶ ಗುರುಗುಟ್ಟಿತು, ಅಷ್ಟೇ. ಒಂದು ಹನಿಯೂ ಬೀಳಲಿಲ್ಲ. ಹುಣಸೆಮರ ಆರಾಮಾಗಿ ನಿಂತಿತ್ತು! ಸಿಟ್ಟಿನಿಂದ ಅತ್ತೆಗೆ ಫೋನು ಹಚ್ಚಿದೆ. ಬಿಜಿ. ಮತ್ತೆ ಬಿಜಿ. ಕೊನೆಗೆ ಸಿಕ್ಕಾಗ ಅವಳ ದನಿಯೇ ಬಿದ್ದುಹೋಗಿತ್ತು.

“ಕುಪ್ಪೇಲೂರಿಗೆ ಹಚ್ಚಿದೆ, ದೇವರಗುಡ್ಡಕ್ಕ ಹಚ್ಚಿದೆ. ಗಿಡದ ಬುಡಕ ನಿಂತೀರೇನು ಅಂತ ನಮ್ಮ ಬಳಗದಾಗ ಎಲ್ಲಾರಿಗೂ ಕೇಳೇನಿ. ಅದು ಯಾರ ಕಡೆ ಹೊಳ್ಳತೈತೋ ನನಗೇನ್ ಗೊತ್ತಪಾ?”

ಅವಳ ಮಾತಿನ ಹಿಂದೆ ಮಳೆಯ ಆರ್ಭಟ. ಆಮೇಲೆ ನನ್ನ ಕಿವಿಯೂ ಕಿವುಡಾಗುವಂಥ ಗುಡುಗು.

“ಅತ್ತೀ! ನೀ ಎಲ್ಲಿ ನಿಂತೀ?”

“ಕಣದಾಗ. ಒಳಗ ರೇಂಜ್ ಎಲ್ಲಿ ಸಿಗತೈತಿ? ನಿಮ್ಮವ್ವ ಒಬ್ಬಾಕಿ ಉಳದಾಳ, ಫೋನ್ ಎತ್ತವಲ್ಲಳು...”

“ಅವ್ವಗ ನಾ ಹೇಳತೇನಿ, ನೀ ಒಳಗ ಹೋಗು!” ಎಂದು ಚೀರಿದೆ.

ಲೈನು ಕಟ್ಟಾಯಿತು. ಮತ್ತೆ ಹಚ್ಚಿದೆ.

“ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ,” ಎಂದಿತು ಆ ಯಂತ್ರದ ಹೆಣ್ಣುದನಿ.

ಆ ಮಾತಿಗೆ ಕಣ್ಣು ತುಂಬಿ ಬಂದದ್ದು ಜೀವನದಲ್ಲಿ ಅದೊಂದೇ ಸಲ. ಅತ್ತೆ ಒಳಗೆ ಹೋಗಿದ್ದಳು.