ಮೆಣಸಿನಕಾಯಿ ಗಿಡಕ್ಕೆ ನಾನೇ ಡಾಕ್ಟರ್

ನಮ್ಮೂರ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ನನ್ನದು ಒಂದೇ ಕೆಲಸ: ತಪ್ಪು ಹುಡುಕುವುದು. ಎರಕ ಹೊಯ್ದ ಭಾಗಗಳನ್ನು ತಿರುಗಿಸಿ ನೋಡಿ, ಎಲ್ಲಿ ಬಿರುಕಿದೆ, ಎಲ್ಲಿ ಗುಳ್ಳೆ ಬಿದ್ದಿದೆ, ಯಾಕೆ ಬಿದ್ದಿದೆ ಎಂದು ಹೇಳುತ್ತೇನೆ. ಇಂಥವನ ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಗಿಡದ ಎಲೆ ಮುದುಡಿದರೆ ಬೇರೆಯವರನ್ನು ಕೇಳಬೇಕೆ? ಬೇಡ ಎಂದುಕೊಂಡೆ. ಗಿಡಗಳ ಗ್ರಹಚಾರ ಅಲ್ಲಿಂದ ಶುರುವಾಯಿತು!

ಅವು ಸಾಮಾನ್ಯ ಗಿಡಗಳಲ್ಲ. ನನ್ನ ಹೆಂಡತಿ ಶೈಲಾಳ ತಾಯಿ ಗುಂಜಿ ಎಂಬ ಹಳ್ಳಿಯ ತಮ್ಮ ಹಿತ್ತಲಲ್ಲಿ ಪ್ರತಿವರ್ಷ ಬೆಳೆಸುತ್ತಿದ್ದ, ಗಿಡ್ಡಗಿನ, ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿಯ ಜಾತಿ. ಅತ್ತೆ ಹೋದ ವರ್ಷ ತೀರಿಕೊಂಡರು. ಅವರ ಅಡುಗೆಮನೆಯ ಡಬ್ಬಿಯಲ್ಲಿ ಉಳಿದಿದ್ದ ಬೀಜಗಳನ್ನೆಲ್ಲ ಶೈಲಾ ತಂದು ಬಿತ್ತಿದಳು. ಮೊಳೆತದ್ದು ಐದೇ ಐದು. ಬೆಳಿಗ್ಗೆ ಎದ್ದರೆ ಆ ಐದಕ್ಕೂ ನೀರು ಹಾಕಿದ ಮೇಲೆಯೇ ಅವಳು ಚಹಾ ಕುಡಿಯುತ್ತಿದ್ದಳು. ನನ್ನ ಚಹಾ ಅದರ ನಂತರ.

ಒಂದು ದಿನ ಅವಳು ಕರೆದಳು. "ರೀ, ಇಲ್ಲಿ ಬರ್ರಿ. ತುದಿ ಎಲಿ ದೋಣಿಗತೆ ಮ್ಯಾಲ ಮುದುಡ್ಯಾವು."

ನಾನು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಮೂರು ಹೆಜ್ಜೆ ದೂರದಿಂದ ನೋಡಿ ತೀರ್ಪು ಕೊಟ್ಟೆ. "ನೀರಡಿಕಿ ಆಗೇತಿ."

"ದಿನಾ ಹಾಕ್ತೀನಲ್ರೀ?"

"ನೀ ಹಾಕೂದು ಗಂಟಲಿಗೆ ಸಾಲ್ತದ. ನಾ ಹೊಟ್ಟಿತುಂಬ ಹಾಕ್ತೀನಿ ನೋಡು!"

ಹೊತ್ತಿಗೆ ಒಂದರಂತೆ ದಿನಕ್ಕೆ ಮೂರು ಬಕೆಟ್ ಸುರಿದೆ. ವಾರದಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಮೇಲಿನವು ಮುದುಡಿಯೇ ಇದ್ದವು.

ನಾನು ಎದೆಗುಂದಲಿಲ್ಲ. ಎಲೆ ಹಳದಿಯಾದರೆ ಕಬ್ಬಿಣದ ಅಂಶ ಕಡಿಮೆ ಎಂದು ಎಲ್ಲೋ ಓದಿದ್ದೆ. ಕಬ್ಬಿಣದ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರು? ಫೌಂಡ್ರಿಯ ಲೇತ್ ಮಶಿನ್ನಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಚೂರುಗಳನ್ನು ಒಂದು ಚೀಲ ತಂದು ಕುಂಡಗಳಿಗೆ ಹಂಚಿದೆ. ಆ ಚೂರಿಗೆ ಮಶಿನ್ನಿನ ಎಣ್ಣೆಯೂ ಅಂಟಿರುತ್ತದೆ ಎಂಬುದು ನೀರು ಹಾಕಿದಾಗ ಹೊಳೆಯಿತು. ಕುಂಡದ ತುಂಬ ಬಣ್ಣಬಣ್ಣದ ಜಿಡ್ಡು ತೇಲತೊಡಗಿತು.

ಪಕ್ಕದ ಮಾಳಿಗೆಯಲ್ಲಿ ಅರಿವೆ ಒಣಹಾಕುತ್ತಿದ್ದ ನೆರೆಮನೆಯ ಮೆಹರುನ್ನೀಸಾ ಆಪಾ ಇಣುಕಿ ನೋಡಿದರು. "ಭಾಯಿಸಾಬ, ಗಿಡಕ್ಕ ಸರ್ವಿಸಿಂಗ್ ನಡೆಸೀರೇನ್ರಿ? ಆಯಿಲ್ ಬದಲಿ ಮಾಡಿದಂಗ ಕಾಣತೈತಿ!"

ಶೈಲಾ ನಗಲಿಲ್ಲ. ಅವರ ಮುಖ ನೋಡಿದಳು. ಅವರು ಇವಳ ಮುಖ ನೋಡಿದರು. ಹೆಂಗಸರ ಈ ನೋಟಕ್ಕೆ ಏನೋ ಅರ್ಥವಿರುತ್ತದೆ ಎಂದು ಯೋಚಿಸುವಷ್ಟು ಬಿಡುವು ನನಗೆ ಆಗ ಇರಲಿಲ್ಲ.

ಮುಂದೆ ವಿಜ್ಞಾನದ ಮೊರೆ ಹೋದೆ. ಎಲೆಯ ಫೋಟೋ ತೆಗೆದರೆ ರೋಗ ಹೇಳುವ ಆ್ಯಪ್ ಒಂದನ್ನು ಮೊಬೈಲಿಗೆ ಇಳಿಸಿಕೊಂಡು, ಎಲೆಯನ್ನು ಹೆಬ್ಬೆರಳಲ್ಲಿ ಹಿಡಿದು ಫೋಟೋ ತೆಗೆದೆ. "ತೀವ್ರವಾದ ಶಿಲೀಂಧ್ರ ರೋಗ. ಸೋಂಕಿತ ಭಾಗವನ್ನು ಕೂಡಲೇ ಕತ್ತರಿಸಿ" ಎಂದಿತು.

"ನೋಡಿದೇನು? ರೋಗ ಸಿಕ್ಕತು!" ಎಂದು ಮೊಬೈಲನ್ನು ಶೈಲಾಳಿಗೆ ತೋರಿಸಿದೆ.

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಅದು ಎಲೀದಲ್ರೀ. ನಿಮ್ಮ ಉಗುರಿಂದು."

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಂಗಡಿಯಿಂದ ಬೇವಿನೆಣ್ಣೆ ತಂದೆ. ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಎಣ್ಣೆ, ಎರಡು ಹನಿ ಸೋಪು, ಸಂಜೆ ಹೊತ್ತು ಹೊಡೆಯಿರಿ ಎಂದು ಅಂಗಡಿಯವನು ಎರಡು ಸಲ ಹೇಳಿದ್ದ. ಎರಡು ಹನಿಯಿಂದ ಏನಾಗುತ್ತದೆ? ಶೈಲಾ ಬಜಾರಕ್ಕೆ ಹೋದ ಮಧ್ಯಾಹ್ನ, ಸುಡುಬಿಸಿಲಲ್ಲಿ, ಎಣ್ಣೆಯನ್ನು ಧಾರಾಳವಾಗಿ ಸುರಿದು, ಪಾತ್ರೆ ತೊಳೆಯುವ ಸೋಪಿನ ಅರ್ಧ ಬಾಟಲಿ ಬೆರೆಸಿ ಕಣ್ಣಿಗೆ ಕಂಡ ಗಿಡಕ್ಕೆಲ್ಲ ಹೊಡೆದೆ. ಗಿಡಗಳು ನೊರೆಯಲ್ಲಿ ಮುಳುಗಿದವು.

ಸಂಜೆಯ ಹೊತ್ತಿಗೆ ಎಲೆಗಳು ಸುಟ್ಟ ಹಪ್ಪಳವಾಗಿದ್ದವು.

ಶೈಲಾ ಬಂದು ನೋಡಿದಳು. ಬಯ್ಯಲಿಲ್ಲ. ಒಂದು ಎಲೆ ಮುಟ್ಟಿದಳು, ಅದು ಪುಡಿಯಾಯಿತು. "ಅವ್ವ ಇದ್ದಿದ್ದರ ಒಂದ ಮಾತ ಕೇಳಬಹುದಿತ್ತು" ಎಂದು ಕೆಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ರವಿವಾರ ಅವಳೇ ಹೇಳಿದಳು. "ಗುಂಜಿಗೆ ಹೋಗಿ ನಮ್ಮ ಚಿಗವ್ವಗ ತೋರಿಸಿ ಬರ್ರಿ." ಚಿಗವ್ವ ಎಂದರೆ ಅತ್ತೆಯ ತಂಗಿ, ಅದೇ ಹಿತ್ತಲಿನ ಈಗಿನ ಒಡತಿ. ಇದ್ದುದರಲ್ಲಿ ಕಡಿಮೆ ಸುಟ್ಟಿದ್ದ ಗಿಡವನ್ನು ಕುಂಡದ ಸಮೇತ ಎತ್ತಿಕೊಂಡು ರೈಲು ಹತ್ತಿದೆ.

ತೊಡೆಯ ಮೇಲೆ ರೋಗಿಷ್ಟ ಗಿಡ ಇಟ್ಟುಕೊಂಡವನನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಎದುರಿಗಿದ್ದ ಅಜ್ಜ ಹುಳಿ ಮಜ್ಜಿಗೆ ಹಾಕಲು ಹೇಳಿದರು. ಬಾಜೂದವರು ಬೂದಿ ಎಂದರು. ಒಬ್ಬ ಮರಾಠಿ ಅಜ್ಜಿ, "ದೃಷ್ಟ ಲಾಗಲೀ ಹೋ!" ಎಂದು ದೃಷ್ಟಿ ತಾಗಿರುವುದನ್ನು ಖಚಿತಪಡಿಸಿ, ತಮ್ಮ ಚೀಲದಿಂದ ಕಪ್ಪು ದಾರ ತೆಗೆದು ಗಿಡಕ್ಕೆ ಕಟ್ಟಿಯೇಬಿಟ್ಟರು. ಖಾನಾಪುರ ದಾಟುವಷ್ಟರಲ್ಲಿ ನನಗಿಂತ ದೊಡ್ಡ ಡಾಕ್ಟರರು ರೈಲು ಡಬ್ಬಿಯ ತುಂಬ ಇದ್ದರು.

ಚಿಗವ್ವ ಬಾಗಿಲಲ್ಲೇ ಗಿಡ ಇಸಿದುಕೊಂಡರು. ಒಂದು ಎಲೆಯನ್ನು ಮಗುಚಿ, ಬಿಳಿ ಕಾಗದದ ಮೇಲೆ ಕೊಡವಿದರು. ನಾಲ್ಕೈದು ಚುಕ್ಕೆಗಳು ಬಿದ್ದವು. ಚುಕ್ಕೆಗಳು ಓಡತೊಡಗಿದವು!

"ನುಸಿ ಅಳ್ಯಾರ. ಎಲಿ ಹೊಟ್ಟ್ಯಾಗ ಕುಂತು ರಸ ಹೀರತಾವು. ಅದಕ್ಕ ಎಲಿ ಮ್ಯಾಲ ಮುದುಡತೈತಿ. ನೀವು ಒಮ್ಮೆರ ಎಲಿ ಹೊಳ್ಳಿಸಿ ನೋಡಿದ್ರೇನು?"

ಎರಕದ ತುಂಡನ್ನು ಹತ್ತು ಸಲ ತಿರುಗಿಸಿ ನೋಡುವ ನಾನು ಎಲೆಯನ್ನು ಒಮ್ಮೆಯೂ ತಿರುಗಿಸಿರಲಿಲ್ಲ.

"ಮತ್ತ ಈ ಹಳದಿ? ಈ ಸುಟ್ಟದ್ದು? ಈ ಎಣ್ಣಿ ವಾಸನಿ?" ಚಿಗವ್ವ ಕೇಳುತ್ತ ಹೋದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕುಂಡವನ್ನು ಕೆಳಗಿಟ್ಟರು. "ಹಂಗಾರ ಗಿಡಕ್ಕ ಬಂದದ್ದು ಒಂದ ರೋಗರೀ. ಉಳಿದ ಮೂರೂ ನೀವ!"

ಗಿಡವನ್ನು ಅಲ್ಲೇ ಬಿಟ್ಟು, ಸಂಜೆ ಬರಿಗೈಯಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. "ಶೈಲಾ, ತಪ್ಪಾತು. ನಿಮ್ಮ ಅವ್ವನ ಬೀಜ ನನ್ನ ಕೈಯಾಗ ಹಾಳಾತು."

ಅವಳು ನನ್ನ ಕೈ ಹಿಡಿದು ಮೆಹರುನ್ನೀಸಾ ಆಪಾ ಅವರ ಮಾಳಿಗೆಗೆ ಕರೆದೊಯ್ದಳು. ಅಲ್ಲಿ ಗೋಡೆಯ ಮರೆಯಲ್ಲಿ ಎರಡು ಕುಂಡ. ಹಸಿರು ಎಲೆ, ಬಿಳಿ ಹೂವು, ಕಿರುಬೆರಳ ತುದಿಯಷ್ಟು ಕಾಯಿ. ಅದೇ ಅತ್ತೆಯ ಮೆಣಸಿನಕಾಯಿ!

"ನೀವು ಕಬ್ಬಿಣ ಹಾಕಿದ ದಿನಾನ ಎರಡು ಗಿಡ, ಮಣ್ಣು ಬದಲಿ ಮಾಡಿ, ಆಪಾನ ಕಡೆ ಬಿಟ್ಟೆ" ಎಂದಳು ಶೈಲಾ. "ಐದು ಇದ್ದದ್ದು ಮೂರಾದ್ರೂ ನಿಮಗ ಗೊತ್ತಾಗಲಿಲ್ಲ."

"ದಿನಾ ಎಲಿ ಕೆಳಗ ನೀರ ಹೊಡೀತೇನ್ರಿ ಭಾಯಿಸಾಬ, ಅಷ್ಟ" ಎಂದರು ಆಪಾ.

ಸಂತೋಷಕ್ಕೆ ನನ್ನ ಕಣ್ಣು ಒದ್ದೆಯಾಯಿತು. ಹತ್ತಿರ ಹೋಗಿ, ಒಂದು ಎಲೆಯ ತುದಿ ಸ್ವಲ್ಪ ಬಾಗಿದಂತೆ ಕಂಡು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ!" ಇಬ್ಬರೂ ಒಟ್ಟಿಗೆ ಕೂಗಿದರು.

ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ನಿಂತೆ. ಗಿಡಗಳಿಗಾಗಿ ನಾನು ಮಾಡಿದ ಕೆಲಸಗಳಲ್ಲಿ ಫಲ ಕೊಟ್ಟದ್ದು ಇದೊಂದೇ.