ಕೊಲೆಸ್ಟರಾಲ್ ತೆಗೆಯೋ ಮೇಡಂ

ಒಂಟಿಯಾಗಿರುವವರಿಗೆ ಬೇರೆಯವರಿಗಿಂತ ಜಾಸ್ತಿ ತಮಾಷೆ ನಡೆಯುತ್ತೇನೋ ಅಂತ ನನಗೆ ಅನುಮಾನ. ಅಥವಾ ಜೊತೆಯಲ್ಲಿ ನಕ್ಕು ಮರೆಯೋಕೆ ಯಾರೂ ಇಲ್ಲದೆ ಎಲ್ಲವೂ ನೆನಪಲ್ಲೇ ಉಳಿದುಬಿಡುತ್ತೋ ಏನೋ. ದೇವನಹಳ್ಳಿ ಹತ್ತಿರ ಒಂದು ಲ್ಯಾಬಿನಲ್ಲಿ ನನ್ನ ಪಿಎಚ್‌ಡಿ ಕೆಲಸ, ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ರೂಮು.

ಓನರ್ ಆಂಟಿ

ಕೆಳಗೆ ಪವರ್‌ಲೂಮ್, ಮೇಲೆ ನಾನು. ಮಗ್ಗದ ಸದ್ದನ್ನು ಮೀರಿ ಕೂಗಿ ಕೂಗಿ, ಓನರ್ ಆಂಟಿ ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತೆ.

"ನೀನು ಕೊಲೆಸ್ಟರಾಲ್ ತೆಗೀತೀಯಂತೆ? ನಮ್ ಯಜಮಾನ್ರಿಗೂ ಐತೆ. ಒಸಿ ತೆಗ್ದುಕೊಡಮ್ಮ!"

"ಮನುಷ್ಯರಿಂದಲ್ಲ ಆಂಟಿ, ತಟ್ಟೇಲಿ ಬೆಳೆಸಿದ ಜೀವಕೋಶದಿಂದ. ಹೊಳೆಯೋ ಬಣ್ಣ ಅಂಟಿಸಿದ ಕೊಲೆಸ್ಟರಾಲನ್ನ ಅವಕ್ಕೆ ತಿನ್ನಿಸ್ತೀವಿ. ಆಮೇಲೆ ಸೀರಮ್, ಅಂದ್ರೆ ರಕ್ತದ ತಿಳಿ, ಹಾಕ್ತೀವಿ. ಎಷ್ಟು ಹೊಳಪು ಹೊರಗೆ ಬಂತು ಅಂತ ನೋಡಿದ್ರೆ, ಆ ರಕ್ತಕ್ಕೆ ಕೊಬ್ಬು ಎಳೆಯೋ ಶಕ್ತಿ ಎಷ್ಟಿದೆ ಗೊತ್ತಾಗುತ್ತೆ."

"ಹೊರಗ್ ಬಂದಿದ್ದನ್ನ ಏನ್ಮಾಡ್ತೀರಾ?"

"ಅಳೆದು ಚೆಲ್ತೀವಿ."

"ನೀವೇ ಹಾಕಿ, ನೀವೇ ತೆಗ್ದು, ನೀವೇ ಚೆಲ್ಲೋದು! ಇದಕ್ಕೆ ಪಿಎಚ್‌ಡಿ ಬೇರೆ!"

ಎದುರು ಮನೆಯವರೂ ಬಾಗಿಲಿಗೆ ಬಂದು ಹೌದೌದು ಅಂತ ತಲೆಯಾಡಿಸಿದರು.

ಕತ್ತಲೆ ಕೋಣೆ

ಈ ಹೊಳೆಯೋ ಬಣ್ಣಕ್ಕೆ ಬೆಳಕು ಆಗಲ್ಲ, ಹೊಳಪೇ ಸತ್ತುಹೋಗುತ್ತೆ. ಹಾಗಾಗಿ ಬಾಗಿಲು ಹಾಕಿಕೊಂಡು ಮಬ್ಬುಗತ್ತಲಲ್ಲಿ ಕೆಲಸ. ದಿನವೆಲ್ಲ ಒಬ್ಬಳೇ. ಯಾವಾಗ ಶುರುವಾಯಿತೋ ಗೊತ್ತಿಲ್ಲ, ಜೀವಕೋಶಗಳ ಜೊತೆ ಮಾತಾಡೋ ಅಭ್ಯಾಸವಾಯಿತು. "ತಿಂದ್ರಾ? ಚೆನ್ನಾಗಿದೀರಾ? ಇವತ್ತು ಬಸ್ಸಲ್ಲಿ ಸೀಟೇ ಸಿಗಲಿಲ್ಲ ಕಣ್ರೋ."

ಒಂದು ದಿನ ನಮ್ಮ ಸರ್ ಬಾಗಿಲು ತಟ್ಟಿದರು. "ಒಳಗೆ ಯಾರಮ್ಮಾ ಇದ್ದಾರೆ? ನೀನು ಕತ್ತಲಲ್ಲಿ ಯಾರ ಜೊತೆನೋ ಮಾತಾಡ್ತೀಯ ಅಂತ ಪಕ್ಕದ ಲ್ಯಾಬಿನವರು ಹೇಳ್ತಿದ್ದಾರೆ."

ನಾಚಿಕೆಯಿಂದ ನಿಜ ಹೇಳಿದೆ. "ಜೀವಕೋಶಗಳ ಜೊತೆ ಸರ್."

ಸರ್ ನಗಲಿಲ್ಲ. ಗಂಭೀರವಾಗಿಯೇ ಅಂದರು: "ಅವು ಉತ್ತರ ಕೊಟ್ರೆ ಮೊದ್ಲು ನಂಗೆ ಹೇಳು. ಪೇಪರ್ ಬರೆಯೋಣ."

ಶಿವಗಂಗೆ

ಲ್ಯಾಬಿನವರೆಲ್ಲ ಭಾನುವಾರ ಶಿವಗಂಗೆ ಬೆಟ್ಟಕ್ಕೆ ಹೊರಟರು. ಅವತ್ತೇ ಜೀವಕೋಶಗಳಿಗೆ ಆಹಾರ ಬದಲಿಸಬೇಕಿತ್ತು, ನಾನು ಉಳಿದುಕೊಂಡೆ. ಬೇಜಾರು ಮಾಡ್ಕೋಬಾರದು ಅಂತ ಅವರು ಗ್ರೂಪ್ ಫೋಟೋದ ಮೂಲೆಯಲ್ಲಿ ನನ್ನ ಐಡಿ ಕಾರ್ಡಿನ ಮುಖವನ್ನು ದುಂಡಗೆ ಕತ್ತರಿಸಿ ಅಂಟಿಸಿ ಕಳಿಸಿದರು. ಖುಷಿಯಾಗಿ ಜಡಿಗೇನಹಳ್ಳಿಯಲ್ಲಿರೋ ಅಮ್ಮನಿಗೆ ಕಳಿಸಿದೆ.

ತಕ್ಷಣ ಫೋನ್ ಬಂತು. "ಅಯ್ಯೋ ಪಾಪ, ಆ ಮೂಲೇಲಿರೋ ಹುಡುಗಿ ಯಾವಾಗ ತೀರ್ಕೊಂಡ್ಲು? ಥೇಟ್ ನಿನ್ ಥರಾನೇ ಅವಳೆ!"

ಕೇಳಿಸಿಕೊಂಡವನು

ಊರಲ್ಲಿ ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬಂದರು. ಅಮ್ಮ ತಟ್ಟೆ ತುಂಬ ಬೋಂಡಾ ಕರಿದಿಟ್ಟಿದ್ದಳು. ಹಿರಿಯರು ನಮ್ಮಿಬ್ಬರನ್ನೇ ಜಗುಲಿಯಲ್ಲಿ ಮಾತಾಡೋಕೆ ಬಿಟ್ಟರು. ಹುಡುಗ ಒಂದು ಬೋಂಡಾ ಎತ್ತಿಕೊಂಡು, "ನಿಮ್ ಕೆಲಸ ಏನು, ಸ್ವಲ್ಪ ಹೇಳಿ" ಅಂದ.

ಅಷ್ಟು ದಿನದಲ್ಲಿ ಹಾಗೆ ಕೂತು ಕೇಳಿದವರು ಒಬ್ಬರೂ ಇರಲಿಲ್ಲ. ನಾನು ಶುರುಮಾಡಿದೆ. ಕೊಬ್ಬು ತುಂಬಿ ಊದಿಕೊಂಡ ಜೀವಕೋಶ, ರಕ್ತನಾಳದಲ್ಲಿ ಅದು ಕಟ್ಟೋ ಗೋಡೆ, ಕತ್ತಲಲ್ಲಿ ಕಾಣೋ ಹಸಿರು ಹೊಳಪು, ಎಲ್ಲಾ ಹೇಳಿದೆ. ಅವನು ಹಿಡಿದ ಬೋಂಡಾವನ್ನು ಬಾಯಿಗೂ ಹಾಕದೆ, ಕಣ್ಣು ಅಗಲಿಸಿ ಕೇಳುತ್ತಿದ್ದ. ನಡುನಡುವೆ ಬಾಯಿ ತೆರೆಯುತ್ತಿದ್ದ, ಪ್ರಶ್ನೆ ಕೇಳ್ತಾನೆ ಅಂದುಕೊಂಡು ಕೇಳೋ ಮೊದಲೇ ಉತ್ತರ ಹೇಳುತ್ತಿದ್ದೆ. ಅವರು ಹೊರಟಾಗ ಗೇಟಿನವರೆಗೂ ಹೋಗಿ ನಿಂತಿದ್ದೆ. ಮೊದಲ ಸಲ ಒಬ್ಬರು ಸಿಕ್ಕಿದರು ಅನ್ನಿಸಿತ್ತು.

ಸಂಜೆ ಮದುವೆ ದಲ್ಲಾಳಿ ಮಾವ ಬಂದರು. "ಹುಡುಗಿ ಒಪ್ಪಿಗೆ ಕಣವ್ವ, ಗುಣಾನೂ ಒಪ್ಪಿಗೆ. ಆದ್ರೆ ಹುಡುಗ ಬೋಂಡಾ ತಿನ್ನೋಕೆ ಬಾಯ್ ತೆಗೆದಾಗಲೆಲ್ಲ ಇವಳು ಕೊಲೆಸ್ಟರಾಲು ಕೊಲೆಸ್ಟರಾಲು ಅಂತಿದ್ಲಂತೆ. ಒಂದನ್ನೂ ತಿನ್ನೋಕೆ ಬಿಡ್ಲಿಲ್ವಂತೆ. ಹಸ್ಕೊಂಡೇ ಎದ್ದುಹೋದ್ನಂತೆ. ಇವಳನ್ನ ಕಟ್ಕೊಂಡ್ರೆ ಜೀವಮಾನವೆಲ್ಲ ಉಪವಾಸ ಅಂತ ಅಳ್ತಾ ಕೂತವ್ನೆ!"

ಅಮ್ಮ ನನ್ನ ಮುಖ ನೋಡಿದಳು. ನನಗೆ ಎಷ್ಟು ನಗು ಬಂತೆಂದರೆ ಕಣ್ಣಲ್ಲಿ ನೀರೇ ಬಂತು, ಆಮೇಲೆ ನಿಲ್ಲಿಸೋಕೆ ಸ್ವಲ್ಪ ಕಷ್ಟವಾಯಿತು. ಅಡುಗೆಮನೆಗೆ ಹೋಗಿ, ತಣ್ಣಗಾದ ಆ ತಟ್ಟೆ ಬೋಂಡಾವನ್ನೆಲ್ಲ ನಾನೊಬ್ಬಳೇ ತಿಂದೆ.