ಒಬ್ಬ ಗೋಲ್‌ಕೀಪರ್, ಒಂದು ವಲ್ಲಿ

ಮೈಲಾರಲಿಂಗ ಭಾನುವಾರ ಸಂಜೆ ಆ ಒಂದು ವಾಕ್ಯವನ್ನು ನುಂಗಿಕೊಂಡಿದ್ದರೆ ಸೋಮವಾರ ಎಂದಿನಂತೆ ಉಪ್ಪಿಟ್ಟು ತಿಂದು ಕೆಲಸಕ್ಕೆ ಹೋಗುತ್ತಿದ್ದ. ನುಂಗಲಿಲ್ಲ. ಶಿಗ್ಗಾಂವಿಯವರು ಹೊಡೆದ ಐದನೇ ಗೋಲು ನಮ್ಮ ಕೀಪರ್ ಗುತ್ತೆಪ್ಪನ ಎರಡು ಕಾಲಿನ ನಡುವೆ, ಕಮಾನಿನಡಿ ಹಾದುಹೋಗುವ ಎತ್ತಿನಗಾಡಿಯಷ್ಟು ನಿಧಾನವಾಗಿ ಹಾದುಹೋಯಿತು. ಕಾಮೆಂಟರಿ ಹೇಳುತ್ತಿದ್ದ ಮೈಲಾರಲಿಂಗನಿಗೆ ತಡೆಯಲಾಗಲಿಲ್ಲ. "ಈ ಕೀಪರನ್ನ ಬದಲು ಮಾಡ್ಲಿಲ್ಲಂದ್ರ ನಾ ಈ ಮೈಕ್ ಮುಟ್ಟೂದಿಲ್ಲ" ಎಂದು ಅದೇ ಮೈಕಿನಲ್ಲಿ ಅಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಆ ಸೀಸನ್ನಿನಲ್ಲಿ ಹಿರೇಕೆರೂರಿನವರು ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ನಾಲ್ಕು ತಾಲ್ಲೂಕಿನ ಫುಟ್‌ಬಾಲ್ ಲೀಗು ಅದು. ಅರ್ಧ ಸೀಸನ್ ಮುಗಿದು ಆರು ಪಂದ್ಯ ಆಗಿದ್ದವು. ಐದರಲ್ಲಿ ಸೋಲು, ಒಂದರಲ್ಲಿ ಸಮ. ಆ ಸಮವೂ ಹಾನಗಲ್ಲಿನವರ ಗಾಡಿ ದಾರಿಯಲ್ಲಿ ಕೆಟ್ಟು ಏಳೇ ಜನ ಬಂದಿದ್ದರಿಂದ ಒದಗಿದ್ದು. ತಂಡದಲ್ಲಿ ಹನ್ನೊಂದು ಆಟಗಾರರು, ಕಮಿಟಿಯಲ್ಲಿ ಹದಿನಾಲ್ಕು ಸದಸ್ಯರು. ಆಟಗಾರರು ಗೋವಿನಜೋಳದ ಚೀಲ ಹೊರುವವರು, ಪಂಕ್ಚರ್ ತಿದ್ದುವವರು, ಗಾರೆ ಕೆಲಸದವರು. ಸದಸ್ಯರು ಚೆಂಡು ಒದ್ದವರಲ್ಲ, ಆದರೆ ಕುರ್ಚಿ ಬಿಟ್ಟವರೂ ಅಲ್ಲ. ಜರ್ಸಿಯ ಬೆನ್ನಿಗೆ ಆಟಗಾರನ ನಂಬರು, ಎದೆಗೆ ಅಧ್ಯಕ್ಷ ಜಯತೀರ್ಥ ವಕೀಲರ ಭಾವಚಿತ್ರ. ಗುತ್ತೆಪ್ಪನಿಗೆ ಕೈಗವಸು ಕೊಡಿಸಲು ಮಾತ್ರ ಕಮಿಟಿಗೆ ಪುರುಸೊತ್ತಾಗಿರಲಿಲ್ಲ. ಹತ್ತಿಗೆ ಔಷಧಿ ಹೊಡೆಯುವಾಗ ಹಾಕಿಕೊಳ್ಳುವ ರಬ್ಬರಿನ ಗವಸಿನಲ್ಲೇ ಅವನು ಗೋಲು ಕಾಯುತ್ತಿದ್ದ. ಚೆಂಡು ಜಾರಿದಾಗಲೆಲ್ಲ ಕಮಿಟಿ ಅವನಲ್ಲಿ ನಿಷ್ಠೆ ಕಡಿಮೆಯೆಂದು ಠರಾವು ಬರೆಯುತ್ತಿತ್ತು.

ಮೈಲಾರಲಿಂಗನ ಕಸುಬು ಊರಿಗೆ ಸಾರುವುದು. ಆಟೋದ ನೆತ್ತಿಗೆ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು, ನೀರಿನ ಕರ, ಬಟ್ಟೆ ಅಂಗಡಿಯ ರಿಯಾಯಿತಿ, ತಪ್ಪಿಸಿಕೊಂಡ ಎಮ್ಮೆ, ಸತ್ತವರ ಮಣ್ಣಿನ ಹೊತ್ತು, ಯಾರು ಏನು ಬರೆದುಕೊಟ್ಟರೆ ಅದನ್ನು ಓದುತ್ತ ತಿರುಗುವುದು. ವಾರದ ಆರು ದಿನ ಅವನ ಬಾಯಲ್ಲಿ ಬೇರೆಯವರ ಮಾತು. ಭಾನುವಾರದ ತೊಂಬತ್ತು ನಿಮಿಷ ಮಾತ್ರ ಅವನ ಮಾತು ಅವನದು. ತಂಡ ಐದು ಗೋಲು ತಿಂದರೂ ಅವನ ಕಾಮೆಂಟರಿ ಕೇಳಿದವರಿಗೆ ನಾವೇ ಗೆದ್ದಂತೆ ಅನಿಸುತ್ತಿತ್ತು. ಆಟ ನೋಡಲು ಅಲ್ಲ, ಅದನ್ನು ಕೇಳಲಿಕ್ಕೆಂದೇ ರಟ್ಟೀಹಳ್ಳಿಯಿಂದಲೂ ಜನ ಬರುತ್ತಿದ್ದರು. ಆ ತೊಂಬತ್ತು ನಿಮಿಷ ಹೋದರೆ ತಾನು ಬರೀ ಭೋಂಗಾ ಎಂಬುದು ಅವನಿಗೆ ಗೊತ್ತಿತ್ತು.

ಸೋಮವಾರ ಎಂಟು ಗಂಟೆಗೇ ಕಮಿಟಿ ಅವನನ್ನು ಕರೆಸಿತು. ಹೊರದೇಶದ ದೊಡ್ಡ ಕ್ಲಬ್ಬುಗಳು ಜನವರಿಯಲ್ಲಿ, ಸೀಸನ್ನಿನ ನಟ್ಟನಡುವೆ, ಬೇಕಾದ ಆಟಗಾರರನ್ನು ಕೊಳ್ಳುತ್ತವೆ, ಬೇಡವಾದವರನ್ನು ಕೊಡುತ್ತವೆ ಎಂದು ಜಯತೀರ್ಥರು ಅರ್ಧ ತಾಸು ತಿಳಿಸಿಕೊಟ್ಟರು. ಒಬ್ಬ ಸದಸ್ಯ ನಮಗೆ ಬೇಕಾದದ್ದು ಫಾರ್ವರ್ಡು ಅಂದ, ಇನ್ನೊಬ್ಬ ಡಿಫೆನ್ಸು ಅಂದ, ಮೂರನೆಯವನು ಕುರ್ಚಿಗಳಿಗೆ ಶಾಮಿಯಾನ ಅಂದ. ಕೊನೆಗೆ ಕೀಪರನೇ ಎಂದು ತೀರ್ಮಾನವಾಯಿತು. ಸವಣೂರಿನಲ್ಲಿ ಇಬ್ಬರು ಕೀಪರರಿದ್ದಾರೆ, ಎರಡನೆಯವನು ಖಲಂದರ ಸುಮ್ಮನೆ ಕೂತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸುದ್ದಿ.

"ನೀನ ಅಂದೀ, ನೀನ ತಂದು ನಿಲ್ಲಸು" ಎಂದರು ಜಯತೀರ್ಥರು. "ಸಂಜೀ ಆರರ ಒಳಗ ಕೀಪರ್ ಇಲ್ಲಿ ಇರಬೇಕು. ಇಲ್ಲಂದ್ರ ಮೈಕ್ ಇಳಸು. ಊರ ಮಂದಿ ಮುಂದ ಆಡಿದ ಮಾತು ಅದ ಅದು."

"ರೊಕ್ಕರಿ?" ಎಂದ ಮೈಲಾರಲಿಂಗ.

ರೊಕ್ಕ ಎಂಬ ಶಬ್ದ ಕೇಳಿ ಹದಿನಾಲ್ಕು ಮಂದಿಯೂ ಒಮ್ಮೆಗೇ ಕಿಟಕಿಯ ಹೊರಗೆ ನೋಡತೊಡಗಿದರು. ರೊಕ್ಕ ಬಿಟ್ಟು ಏನು ಬೇಕಾದರೂ ಕೊಟ್ಟು ಬರಬಹುದೆಂದು ಕಮಿಟಿ ಉದಾರವಾಗಿ ಒಪ್ಪಿತು. ಜೀವ ಇರುವುದನ್ನು ಕೊಳ್ಳುವ ವ್ಯವಹಾರ ಇವನಿಗೆ ತಿಳಿಯದು, ತಿಳಿದವರನ್ನು ಜೊತೆಗೆ ಕಳಿಸಿ ಎಂದೂ ಯಾರೋ ಸೂಚಿಸಿದರು. ಹಾಗೆ ಬಂದವನು ದನದ ಸಂತೆಯ ದಲಾಲಿ ಅಕ್ಬರಸಾಬ. ನಲವತ್ತು ವರ್ಷದಿಂದ ಎತ್ತು ಕೊಡಿಸಿದವನು. ಮಾತು ಕಡಿಮೆ. ಹೆಗಲ ಮೇಲೆ ವಲ್ಲಿ, ಕೆಂಪು ಅಂಚಿನ ಉದ್ದನೆಯ ಟವೆಲ್ಲು.

ಬಸ್ಸಿನಲ್ಲಿ ಹಾವೇರಿ ತಲುಪುವವರೆಗೆ ಅಕ್ಬರಸಾಬ ಮೈಲಾರಲಿಂಗನಿಗೆ ಕಸುಬಿನ ಗುಟ್ಟು ಹೇಳಿದ. ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರೂ ವಲ್ಲಿಯ ಕೆಳಗೆ ಕೈ ಹಾಕಿ ಬೆರಳು ಒತ್ತುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ವಲ್ಲಿ ಎತ್ತಿದ ಮೇಲೆ ಮಾತು ಮುರಿಯುವಂತಿಲ್ಲ. ಮೈಲಾರಲಿಂಗ ಬೆರಳುಗಳ ಲೆಕ್ಕ ಕೇಳಿದ. "ಅದನ್ನ ತಿಳ್ಕೊಂಡು ನೀ ಏನ್ ಮಾಡಾಂವ" ಎಂದು ಅಕ್ಬರಸಾಬ ನಿದ್ದೆ ಹೋದ.

ಸವಣೂರು ಕ್ಲಬ್ಬಿನ ಕಾರ್ಯದರ್ಶಿ ಅಂಬರೀಶ ವೀಳ್ಯದೆಲೆಯ ಸಗಟು ವ್ಯಾಪಾರಿ. ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿ, ಚಹಾ ಕುಡಿಸಿ, ತನ್ನ ದುಃಖ ತೋಡಿಕೊಂಡ. ತಂಡ ಆರಕ್ಕೆ ಆರೂ ಗೆದ್ದಿದೆ, ಆದರೆ ಮೈದಾನಕ್ಕೆ ನಾಯಿಯೂ ಬರುವುದಿಲ್ಲ. ಗೋಲು ಹೊಡೆದರೆ ಸದ್ದಿಲ್ಲ, ಗೆದ್ದರೆ ಸುದ್ದಿಯಿಲ್ಲ. "ಗೆದ್ದೇವಿ ಅಂತ ನಾವ ಮನಿ ಮನಿಗೆ ಹೋಗಿ ಹೇಳಬೇಕಾಗೈತ್ರಿ" ಎಂದ. ಐದು ಗೋಲು ತಿಂದು ಬಂದ ಊರಿನವನಿಗೆ ಈ ದುಃಖ ಕೇಳಲು ಬಹಳ ಹಿತವಾಗಿತ್ತು.

ಖಲಂದರನನ್ನು ವೆಲ್ಡಿಂಗ್ ಅಂಗಡಿಯಿಂದ ಕರೆಸಿದರು. ಇಪ್ಪತ್ತಾರರ ಆಳು, ಟ್ರ್ಯಾಕ್ಟರ್ ಟ್ರೇಲರಿನ ಹಲಗೆಯಂಥ ಎದೆ, ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ. ಅಕ್ಬರಸಾಬ ಎದ್ದು ಅವನ ಸುತ್ತ ಒಂದು ಸುತ್ತು ಬಂದ. ನೆತ್ತಿಯ ಸುಳಿ ನೋಡಿದ. ಮೊಣಕಾಲು ತಟ್ಟಿದ. ನಾಲ್ಕು ಹೆಜ್ಜೆ ನಡೆ ಅಂದ, ತಿರುಗು ಅಂದ, ಬಾಯಿ ತೆಗೆ ಅಂದ. ಕಟ್ಟೆಯ ಮುಂದೆ ಇಪ್ಪತ್ತು ಮಂದಿ ಕೂಡಿ, ಎಡಗಾಲು ಸ್ವಲ್ಪ ಹೊರಗೆ ಹಾಕುತ್ತಾನೆ ಎಂದೊಬ್ಬ, ಅದು ಲಕ್ಷಣ ಒಳ್ಳೆಯದೇ ಎಂದೊಬ್ಬ ಸಲಹೆ ಕೊಡತೊಡಗಿದರು. ಮೈಲಾರಲಿಂಗನೂ ಸುಮ್ಮನಿರಲಿಲ್ಲ. ಕಮಿಟಿಯ ಕಡೆಯಿಂದ ಬಂದವನು ತಾನು ಎಂಬ ಗತ್ತಿನಲ್ಲಿ ಖಲಂದರನ ಅಂಗೈ ಹಿಡಿದು ಅಗಲ ಅಳೆದ.

"ನಾ ಬರ್ತೇನೋ ಇಲ್ಲೋ ಅಂತ ಯಾರರ ಕೇಳ್ತೀರೇನ್ರಿ?" ಎಂದ ಖಲಂದರ.

"ದೊಡ್ಡವ್ರು ಮಾತಾಡಾಕತ್ತಾರ, ನಡುವ ಬಾಯಿ ಹಾಕಬ್ಯಾಡ" ಎಂದು ಮೈಲಾರಲಿಂಗ ಗದರಿದ. ತನ್ನ ಜೀವನದಲ್ಲಿ ಆ ವಾಕ್ಯವನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದ. ಹೇಳುವ ಭಾಗ್ಯ ಸಿಕ್ಕಿದ್ದು ಅಂದೇ. ಬೆಲ್ಲದ ಹಾಗೆ ನಾಲಗೆಗೆ ಅಂಟಿತು.

ಆಗ ಅಂಬರೀಶ ವಿನಯದಿಂದ, ನಿಮ್ಮ ಕಾಮೆಂಟರಿಯ ಹೆಸರು ಇಲ್ಲಿಯವರೆಗೂ ಬಂದಿದೆ, ಎರಡು ಮಾತು ಕೇಳಿಸಿ ಎಂದ. ಮೈಲಾರಲಿಂಗ ಎರಡರಲ್ಲಿ ನಿಲ್ಲುವ ಗಿರಾಕಿಯೇ? ಕಟ್ಟೆಯ ಮೇಲೆ ಎದ್ದು ನಿಂತು, ಇಲ್ಲದ ಮೈಕನ್ನು ಹಿಡಿದು, ಹಿಂದಿನ ದಿನದ ಸೋಲನ್ನೇ ಬಡಿಸಿದ. "ಚೆಂಡು ಬರಾಕತ್ತೈತಿ, ಗುತ್ತೆಪ್ಪ ಅದನ್ನ ನೋಡಿದ, ಅದೂ ಗುತ್ತೆಪ್ಪನ್ನ ನೋಡಿತು, ಇಬ್ಬರಿಗೂ ಮೊದಲಿನ ಗುರುತು ಐತಿ, ಅದಕ್ಕ ಗುತ್ತೆಪ್ಪ ದಾರಿ ಬಿಟ್ಟ." ಬೀದಿ ತುಂಬಿತು. ಎಲೆಯ ಪೆಂಡಿ ಹೊತ್ತವರು ಪೆಂಡಿ ಇಳಿಸಿ ನಿಂತರು. ಇದೇ ದನಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಅಂಬರೀಶ ಕೇಳಿದ. ನೀರೇ ಕುಡಿಯದೆ ಎರಡು ತಾಸು ಎಂದು ಮೈಲಾರಲಿಂಗ ಎದೆ ಉಬ್ಬಿಸಿದ.

"ನೆಗಡಿ ಗಿಗಡಿ?"

"ಏನೂ ಐಬಿಲ್ಲ" ಎಂದು ಉತ್ತರ ಕೊಟ್ಟವನು ಅಕ್ಬರಸಾಬ.

ಆಮೇಲೆ ವಲ್ಲಿ ಬಿಚ್ಚಿಕೊಂಡಿತು. ಅಕ್ಬರಸಾಬನ ಬಲಗೈ, ಅಂಬರೀಶನ ಬಲಗೈ ಅದರಡಿ ಸೇರಿದವು. ಬಟ್ಟೆಯ ಒಳಗೆ ಎರಡು ಇಲಿ ಜಗಳವಾಡಿದಂತೆ ಕಾಣುತ್ತಿತ್ತು. ಅಂಬರೀಶ ತಲೆ ಅಲ್ಲಾಡಿಸಿದ. ಅಕ್ಬರಸಾಬ ಗಂಟಲು ಕೆರೆದ. ಅಂಬರೀಶ ಎರಡು ಸಲ ಮೈಲಾರಲಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತನ್ನ ಮೇಲೆ ಅವನಿಗೆ ಗೌರವ ಹುಟ್ಟಿದೆ ಎಂದು ತಿಳಿದು ಮೈಲಾರಲಿಂಗ ಅಂಗಿಯ ಕಾಲರು ಸರಿಮಾಡಿಕೊಂಡ. ಕೊನೆಗೆ ವಲ್ಲಿ ಎದ್ದಿತು. ಅಂಬರೀಶ ಎಲೆ ಅಡಿಕೆ ಕೊಟ್ಟ. "ಆತು" ಎಂದ ಅಕ್ಬರಸಾಬ. ಖಲಂದರನ ಕನ್ನಡಕವನ್ನು ಯಾರೋ ತೆಗೆದುಕೊಂಡು ಚೀಲ ಕೈಗೆ ಕೊಟ್ಟರು.

ಏನು ಕೊಟ್ಟು ತಂದೆವೆಂದು ಬಸ್ಸಿನಲ್ಲಿ ಮೈಲಾರಲಿಂಗ ಮೂರು ಸಲ ಕೇಳಿದ. ವಲ್ಲಿಯೊಳಗಿನದನ್ನು ಧಣಿಗೆ ಮಾತ್ರ ಹೇಳುವುದು ಕಸುಬಿನ ಮರ್ಯಾದೆ ಎಂದ ಅಕ್ಬರಸಾಬ. ಹೋಗಲಿ, ರೊಕ್ಕವಂತೂ ಅಲ್ಲವಲ್ಲ ಎಂದು ಮೈಲಾರಲಿಂಗ ಸಮಾಧಾನ ಮಾಡಿಕೊಂಡ. ಖಲಂದರ ಮಾತ್ರ ಬೇರೆ ವಿಚಾರ ಕೇಳುತ್ತಿದ್ದ. ಮೈದಾನದಲ್ಲಿ ಹುಲ್ಲಿದೆಯೇ? ಇಲ್ಲ. ಗೋಲಿಗೆ ಬಲೆ? ಹಬ್ಬ ಮುಗಿದ ಮೇಲೆ ಕಮಿಟಿಯವರು ತರಿಸುತ್ತಾರೆ. ಯಾವ ಹಬ್ಬ? ಅದನ್ನು ಕಮಿಟಿ ಇನ್ನೂ ಗೊತ್ತುಮಾಡಿಲ್ಲ. ಗವಸು?

"ಗುತ್ತೆಪ್ಪಂದು ಐತಿ, ಸ್ವಲ್ಪ ಔಷಧಿ ವಾಸನಿ ಬರ್ತೈತಿ" ಎಂದ ಮೈಲಾರಲಿಂಗ.

ಖಲಂದರ ಉಳಿದ ದಾರಿಯೆಲ್ಲ ತನ್ನ ಎರಡೂ ಕೈ ನೋಡುತ್ತ ಕೂತ.

ಆರಕ್ಕೆ ಹತ್ತು ನಿಮಿಷ ಇರುವಾಗ ಅವರು ಹಿರೇಕೆರೂರಿನಲ್ಲಿ ಇಳಿದರು. ಕಮಿಟಿ ಹಾರ ತರಿಸಿತ್ತು. ಒಂದೇ ಹಾರ. ಫೋಟೋ ಚೆನ್ನಾಗಿ ಬರಲೆಂದು ಅದನ್ನು ಜಯತೀರ್ಥರ ಕೊರಳಿಗೆ ಹಾಕಿ, ಖಲಂದರನನ್ನು ಪಕ್ಕಕ್ಕೆ ನಿಲ್ಲಿಸಿದರು. ಇನ್ನು ತನ್ನ ಮೈಕು ತನಗೇ ಖಾಯಂ ಎಂದು ಮೈಲಾರಲಿಂಗ ಜನರತ್ತ ಕೈಬೀಸಿದ. ಆಗಲೇ ಅಕ್ಬರಸಾಬ ಮುಂದೆ ಬಂದು, ಧಣಿಗೆ ಲೆಕ್ಕ ಒಪ್ಪಿಸಿದ.

"ಕೀಪರ್ ನಮ್ಮಾಂವ ಆದನ್ರಿ. ಬದಲಿಗೆ ಮೈಲಾರಲಿಂಗನ್ನ ಕೊಟ್ಟು ಬಂದೇನಿ. ಬರೋ ಐತವಾರದಿಂದ ಸವಣೂರಿನ ಮೈಕ್ ಹಿಡೀತಾನ."

ಕಮಿಟಿ ಸಿಡಿದೇಳುತ್ತದೆ ಎಂದು ಮೈಲಾರಲಿಂಗ ಕಾದ. ಕಮಿಟಿ ಸಮಾಧಾನದ ಉಸಿರು ಬಿಟ್ಟಿತು. ಅಷ್ಟೇನಾ ಎಂದು ಒಬ್ಬ ಸದಸ್ಯ ಕೇಳಿದ. ಅಷ್ಟೇ ಅಲ್ಲ ಎಂದ ಅಕ್ಬರಸಾಬ. ಇವನೊಬ್ಬ ಸರಿದೂಗಲಿಲ್ಲ, ಮೇಲೆ ಎರಡು ಹೊಸ ಚೆಂಡು, ಒಂದು ಗಾಳಿ ಪಂಪು ಕೊಡಬೇಕಾಯಿತು. ಪಂಪು ಹೋಯಿತೆಂದು ಕೇಳಿ ಜಯತೀರ್ಥರ ಮುಖ ಬಾಡಿತು.

"ನನ್ನ ಒಂದು ಮಾತು ಕೇಳಬೇಕಿತ್ತಲ್ರಿ?" ಎಂದ ಮೈಲಾರಲಿಂಗ. ವಾರವೆಲ್ಲ ಊರನ್ನು ಎಬ್ಬಿಸುವ ದನಿ ಪಕ್ಕದಲ್ಲಿದ್ದ ಅಕ್ಬರಸಾಬನಿಗಷ್ಟೇ ಕೇಳಿಸಿತು.

"ವಲ್ಲಿ ಎತ್ತಿ ಆಗೈತಿ" ಎಂದ ಅಕ್ಬರಸಾಬ, ಸಿಟ್ಟಿಲ್ಲದೆ. "ಸಂತ್ಯಾಗ ನಾ ಯಾವ ಎತ್ತನ್ನೂ ಕೇಳಿಲ್ಲಪಾ."

ಇನ್ನು ಇಲ್ಲಿ ಕಾಮೆಂಟರಿ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ಗುತ್ತೆಪ್ಪ ಖಾಲಿ ಇದ್ದಾನಲ್ಲ ಎಂದರು ಜಯತೀರ್ಥರು. "ಗೋಲ್ ಆಗೂದನ್ನ ಅವನಷ್ಟು ಸಮೀಪದಿಂದ ನೋಡಿದವರು ಈ ತಾಲ್ಲೂಕಿನಾಗ ಯಾರಿದ್ದಾರ?" ಠರಾವು ಅವಿರೋಧವಾಗಿ ಪಾಸಾಯಿತು. ಹಿಂದೆ ನಿಂತಿದ್ದ ಗುತ್ತೆಪ್ಪ, ಕಮಿಟಿಯವರು ಚಾಚಿದ ಮೈದಾನದ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡ. ಸೀಸನ್ನಿನಲ್ಲಿ ಅವನ ಕೈಯಿಂದ ಜಾರದ ಮೊದಲ ವಸ್ತು ಅದು.

ಫೋಟೋ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ ಖಲಂದರ ಸ್ವಲ್ಪ ಸರಿದು ಜಾಗ ಮಾಡಿದ. "ಕುಂದರ್ರಿ" ಎಂದ. "ದೊಡ್ಡವ್ರು ಮಾತಾಡಾಕತ್ತಾರ."

ಕೂಡಲೂ ಬಿಡಲಿಲ್ಲ. ಹೊಸ ಕೀಪರ್ ಬಂದ ಸಂಗತಿ ಹೊತ್ತು ಮುಳುಗುವ ಮುಂಚೆ ಊರಿಗೆ ತಿಳಿಯಬೇಕಿತ್ತು. ಶನಿವಾರದವರೆಗೆ ಮೈಲಾರಲಿಂಗ ಇನ್ನೂ ಹಿರೇಕೆರೂರಿನವನೇ ತಾನೇ? ಜಯತೀರ್ಥರು ಚೀಟಿ ಬರೆದುಕೊಟ್ಟರು. ಅವನು ಆಟೋ ಹತ್ತಿ ಓದಿದ: ಕಮಿಟಿಯ ಅವಿರತ ಪರಿಶ್ರಮದ ಫಲವಾಗಿ ಸವಣೂರಿನ ಖಲಂದರ ಅವರು ನಮ್ಮ ತಂಡ ಸೇರಿದ್ದು, ಬದಲಿಯಾಗಿ ಮೈಲಾರಲಿಂಗ ಎಂಬವರನ್ನು ಎರಡು ಚೆಂಡು ಹಾಗೂ ಒಂದು ಗಾಳಿ ಪಂಪಿನ ಸಮೇತ ಕೊಡಲಾಗಿದೆ, ಸಾರ್ವಜನಿಕರು ಸಹಕರಿಸಬೇಕು.

ಬಸ್‌ಸ್ಟ್ಯಾಂಡಿನಿಂದ ಸಂತೆ ಮೈದಾನದವರೆಗೆ ಹತ್ತು ಸಲ ಓದಿದ. ಚಹಾದ ಅಂಗಡಿಯ ಮುಂದೆ ಆಟೋ ನಿಧಾನವಾದಾಗ, ಭಾನುವಾರ ಅವನಿಗೆ ಚಪ್ಪಾಳೆ ತಟ್ಟಿದ್ದ ಮಂದಿಯೇ ಅಲ್ಲಿ ಕೂತಿದ್ದರು. ಒಬ್ಬ ಬಸಿಯಿಂದ ಚಹಾ ಹೀರಿ, ಪಕ್ಕದವನಿಗೆ ಹೇಳಿದ:

"ಇವತ್ತ ಮೈಲಾರಲಿಂಗನ ದನಿ ಯಾಕೋ ಒಡದೈತಿ ನೋಡು. ಕೊಟ್ಟಿದ್ದ ಚಲೋ ಆತು."